ರಸೀದಿ

ಇಲೆಕ್ಷನ್ ತಾರೀಖು ಬಿತ್ತಂದರ
ಸುರಪುರ ಠಾಣೆಯ ಮಾಲಖಾನಾದಾಗ ಕಾಲಿಡಾಕ ಜಾಗ ಇರೂದಿಲ್ಲ.
ಪರವಾನಿಗಿ ಇದ್ದ ಬಂದೂಕೆಲ್ಲ ಬಂದು ಗ್ವಾಡಿಗಿ ಒರಗತಾವ,
ಕೊರಳಿಗಿ ಚೀಟಿ ಕಟ್ಟಿಸಿಕೊಂಡು,
ಸಾಲಿಗಿ ಮೊದಲ ದಿನ ಬಂದ ಹುಡುಗರಂಗ.

ವಾಗಣಗೇರಿ ಜುಮ್ಮಣ್ಣ ನಾಯಕ ಪ್ರತಿ ಸಲ ಕಡೀಕ ಬರ್ತಾನ.
ಕೌದಿ ಬಿಚ್ಚಿದರ ಒಂಟಿ ನಳಿಗಿಯ ಕೂವಿ,
ಕುದುರಿಗಿ ತುಕ್ಕು, ಹಿಡಿಗಿ ತಾಮ್ರದ ತಂತಿ.
"ಹಾರತದೇನು ಮುತ್ಯಾ?"
"ಹಂದಿ ಹೆದರತಾವ ಅವ್ವಾ, ಸಾಕು."

ಬರಕೊಂಡೆ: ಕೂವಿ ಒಂದು, ಕೌದಿ ಒಂದು.
"ಕೌದಿ ಹೊಡದಹಾಕು. ಅದು ನನ್ನ ಹೇಣತಿದು,
ರಾತ್ರಿಗಿ ಬೇಕು."

ಆಮ್ಯಾಲ ಕುಂತು, ಕೇಳದಿದ್ದರೂ, ಹೇಳತಾನ.
ಗೋರಾ ಸಾಹೇಬರು ಡಂಗುರ ಹೊಡಿಸಿದ ವರ್ಷ
ಕತ್ತಿ, ಭಲ್ಲೆ, ಜಂಬ್ಯಾ, ಕೂವಿ,
ಚಾವಡಿ ಮುಂದ ಒಕ್ಕಲಿಲ್ಲದ ರಾಶಿ.
ಅಂಜಿ ಒಬ್ಬಾಕಿ ಈಳಿಗಿ ತಂದಳಂತ.
ಕಾರಕೂನ ನಕ್ಕ.
ನಕ್ಕು, ಬರಕೊಂಡ.
ಆ ಸಂಜೀಕ ಆಕಿ ಬದನಿಕಾಯಿ ಕೈಲೇ ಮುರಿದಳು.

"ತೋಪು?" ಅಂದೆ.
"ತೋಪು ಯಾವಾಗ ನಮ್ಮದಿತ್ತು?
ತೋಪಿಗಿ ಮನಿ ಇರೂದಿಲ್ಲ, ಕ್ವಾಟಿ ಇರತದ.
ಬೀದರದಾಗ ನೋಡೀನಿ, ಬುರುಜಿನ ಮ್ಯಾಲ
ಬಿಸಿಲಿಗಿ ಮಕ್ಕೊಂಡದ,
ಹುಡುಗರು ಬಾಯಾಗ ಚಿಪ್ಸಿನ ಚೀಟಿ ತುರುಕ್ಯಾರ.
ಅದರ ರಸೀದಿ ಯಾರ ಹತ್ರ ಅದ, ಹೇಳು?"

ದಂಡಿನ ಹಡಗಂತೂ ನಮ್ಮ ಸೀಮ್ಯಾಗ ಯಾರೂ ಕಂಡಿಲ್ಲ.
ಆದರೂ ತಿಂಥಣಿ ಕಡವಿನಾಗ ತೊಗಲ ಹರಗೋಲ ಎಣಿಸಿದರಂತ:
ಒಂದರಾಗ ಎಂಟು ಮಂದಿ,
ಎಂಟು ಮಂದಿ ಅಂದರ ಎಂಟು ಕೂವಿ.
ಲೆಕ್ಕ ಸರಿ ಅದ.
ಮೂರೂ ಹರಗೋಲ ಕೊಯ್ದು ದಂಡಿಗಿ ಒಣ ಹಾಕಿದರು.
ಆ ಮಳಿಗಾಲ
ಸೂಲಗಿತ್ತಿ ಈಚಿ ದಂಡ್ಯಾಗ ನಿಂತಳು,
ಜುಮ್ಮಣ್ಣನ ಮುತ್ಯಾ ಆಚಿ ದಂಡ್ಯಾಗ ಹುಟ್ಟಿದ.
ನಡುವ ಕೃಷ್ಣಿ, ಯಾರ ಪರವಾನಿಗಿನೂ ಇಲ್ಲದ.

ರಸೀದಿ ಕೊಟ್ಟೆ.
ತಲಿಕೆಳಗ ಹಿಡಿದು ಓದಿದ, ರುಮಾಲಿನಾಗ ಸಿಗಿಸಿದ.
ಕೌದಿ ಹೆಗಲಿಗಿ ಹಾಕ್ಕೊಂಡು ಹೊಂಟರ
ಒಳಗ ಏನಿಲ್ಲದಿದ್ದರೂ ಅದು ಉದ್ದಕ ಸೆಟದೇ ಇತ್ತು.

ನನ್ನ ಪಾಳಿ ಮುಗೀತು.
ಪಹರೆ ಬಂದೂಕು ಗೂಟಕ್ಕ ಇಟ್ಟು
ನಾನೂ ಸಹಿ ಹಾಕಿದೆ:
ಬಂದೂಕು ಒಂದು, ಗುಂಡು ಹತ್ತು, ಕೊರತೆ ಇಲ್ಲ.
ರಂಗಂಪೇಟಿ ತನಕ ನಡದು ಹೋಗುವಾಗ
ಈ ಬಲಗೈ
ಎಲ್ಲಿ ಇಟ್ಟುಕೋಬೇಕಂತ ತಿಳೀಲಿಲ್ಲ.