ಮರಡಿಹಳ್ಳಿಯ ದಿಂಬು

ಬೋರ್ಡಿಗೆ ತುಕ್ಕು. ಅಪ್ಪನಿಗೆ ಕನ್ನಡಕ ಮರೆತುಹೋಗಿದೆ.
ನಾನೇ ಓದಿ ಹೇಳಿದೆ: ದಿಂಬು ಲಾವಾ,
ಇನ್ನೂರೈವತ್ತು ಕೋಟಿ ವರ್ಷ.
"ಕೋಟಿ ಬಿಡು," ಅಂದ, "ಇವನ್ನ ಹೊಲಿದೋರು ಯಾರು?"

ಒಂಬತ್ತನೇ ಕ್ಲಾಸಿಗೆ ಭೂಗೋಳ ಹೇಳುವ ನನಗೆ
ಉತ್ತರ ಬಾಯಿಪಾಠ.
ಇಲ್ಲಿ ಸಮುದ್ರ ಇತ್ತಪ್ಪ, ಜೋಗಿಮಟ್ಟಿಗೂ ಹಿರಿಯೂರಿಗೂ ನಡುವೆ
ಉಪ್ಪುನೀರು. ತಳ ಬಿರಿದು ಬೆಂಕಿ ಉಕ್ಕಿತು,
ನೀರು ತಾಕಿದ್ದೇ ತಡ ಸಿಪ್ಪೆಗಟ್ಟಿ ಉಬ್ಬಿತು,
ಒಳಗಿನ್ನೂ ಕುದಿಯುತ್ತಿರುವಾಗಲೇ ಉರುಳಿ
ಒಂದರ ಮೇಲೊಂದು.
ಹೀಗೇ ಪೇರುತ್ತ ಪೇರುತ್ತ ಕೆಲವು ನೀರಿನಾಚೆ ತಲೆಯೆತ್ತಿ
ದ್ವೀಪಗಳ ಸಾಲಾದವು.
ಹೆಸರಿಲ್ಲ, ತೆಂಗಿಲ್ಲ, ದಡಕ್ಕೊಂದು ದೋಣಿಯಿಲ್ಲ,
ಕೂತು ಹಾರಲು ಕಾಗೆಯೂ ಇಲ್ಲ.
ಹೊಗೆ ಇತ್ತು. ಅದು ಚುರುಗುಟ್ಟಿಸಲು
ಕಣ್ಣೆಂಬುದು ಇನ್ನೂ ಹುಟ್ಟಿರಲಿಲ್ಲ.

ಆಮೇಲೆ ನೆಲವೇ ನೆಲವನ್ನು ಒತ್ತಿ
ಆ ಸಾಲನ್ನು ಮಡಚಿಟ್ಟಿತು, ಬೆಳಗ್ಗೆ ಹಾಸಿಗೆ ಸುತ್ತಿದ ಹಾಗೆ.
ಇಂಗಳದಾಳದಲ್ಲಿ ಒಂದಿಷ್ಟು ತಾಮ್ರ ಉಳಿಯಿತು.
ಇಂಗಳವೆಂದರೆ ಕೆಂಡ.
ಊರಿಗೆ ಹೆಸರಿಟ್ಟವರಿಗೆ ಏನು ಗೊತ್ತಿತ್ತೋ.

ಅಪ್ಪ ಕೇಳುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು
ಕಲ್ಲಿನ ಬೆನ್ನು ತಟ್ಟುತ್ತಿದ್ದ,
ನಲವತ್ತು ವರ್ಷ ದಿಂಬು ತಟ್ಟಿದ ಅಂಗೈಯಲ್ಲಿ.
ಪಿಂಜಾರ ಮೋದೀನ್‌ಸಾಬ. ದಾವಣಗೆರೆ ಮಿಲ್ಲಿನ ಹತ್ತಿ ತಂದು
ಐಮಂಗಲದ ಬೀದಿಯಲ್ಲಿ ಬಿಲ್ಲು ಮೀಟಿದವನು,
ಹುಬ್ಬಿನ ಮೇಲೆ ಮೋಡ ಹೊತ್ತೇ ಊಟಕ್ಕೆ ಬರುತ್ತಿದ್ದವನು.
ಮಿಲ್ಲುಗಳು ಒಂದೊಂದಾಗಿ ತಣ್ಣಗಾದವು.
ಬಿಲ್ಲು ಅಟ್ಟದಲ್ಲಿದೆ. ಹತ್ತಿ
ಎದೆಯೊಳಗೆ ಇನ್ನೂ ಕೆಮ್ಮುತ್ತದೆ.

"ಮಾಬುನ್ನಿ, ಬಾ ಇಲ್ಲಿ. ಇದರ ಬಾಲ ನೋಡು.
ಮೇಲಿನದು ಕೆಳಗಿನ ಎರಡರ ಸಂದಿಗೆ ಇಳಿದು ಕೂತಿದೆ.
ಗಟ್ಟಿಯಾದ ಮೇಲೆ ಇಟ್ಟಿದ್ರೆ ಹಿಂಗೆ ಕೂರೋದಿಲ್ಲ.
ಹೊಸ ದಿಂಬು ಪೇರಿಸಿದ್ರೆ ಅಂಗಡೀಲಿ ಹಿಂಗೇ ಆಗ್ತಿತ್ತು.
ಬೆನ್ನು ಮೇಲೆ, ಬಾಲ ಕೆಳಗೆ.
ನೆಲ ಎಷ್ಟೇ ವಾಲ್ಲಿ, ಆಕಾಶ ಯಾವ ಕಡೆ ಇತ್ತು ಅಂತ
ದಿಂಬೇ ಹೇಳ್ತದೆ."

ಡಿಗ್ರಿಯಲ್ಲಿ ಮೇಷ್ಟ್ರು ಇದನ್ನೇ
ಎರಡು ದಿನ ಸೀಮೆಸುಣ್ಣದಲ್ಲಿ ಬಿಡಿಸಿದ್ದರು.
ನಾನು ನಕಲು ಮಾಡಿಕೊಂಡಿದ್ದೆ,
ಹತ್ತಕ್ಕೆ ಆರು ಬಂದಿತ್ತು.

ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರದ ರೆಕ್ಕೆ
ನಿಂತೇ ಇದೆಯೋ ತಿರುಗುತ್ತಿದೆಯೋ ತಿಳಿಯದಷ್ಟು ನಿಧಾನ.
ನಾಲ್ಕರ ಬಸ್ಸಿಗೆ ಹೊತ್ತಾಯಿತು ಅಂದೆ.
ಅಪ್ಪ ಟವೆಲ್ಲು ಕೊಡವಿ ಮಡಚಿ ಕಲ್ಲಿನ ಮೇಲಿಟ್ಟು
ಅದಕ್ಕೆ ಕೆನ್ನೆ ಕೊಟ್ಟು ಮಲಗಿದ.
ಬಹಳ ಹೊತ್ತು ಏನೂ ಹೇಳಲಿಲ್ಲ.
ಗಿರಾಕಿಯ ಮುಂದೆ ಬೇರೆಯವನ ಕೆಲಸ ತೂಗುವಾಗಿನ
ಅದೇ ದನಿ ಕೊನೆಗೆ:

"ಒಂಚೂರು ಜಾಸ್ತಿ ತುಂಬಿದಾರೆ."