ಪಟ್ಟಿಯಲ್ಲಿಲ್ಲದ ಕೆಂಪು

ಭಾನುವಾರ, ಬೆಳಗಿನ ಐದೂವರೆ.
ಸ್ವಾನ್ಸಿಯ ಹೊರಗೆ ಕುರಿ ಮೇಯುವ ಬಯಲಿನಲ್ಲಿ
ಕಾರುಗಳ ಡಿಕ್ಕಿ ತೆರೆದು ಹರಡಿದ ಸಂತೆ.
ಮಾರುವವರ ಕೈಯಲ್ಲಿ ಚಹಾ, ನಮ್ಮ ಕೈಯಲ್ಲಿ ಟಾರ್ಚು.
ಒಂದು ಬಿಸ್ಕತ್ತಿನ ಡಬ್ಬಿ; ಒಳಗೆ ಗುಂಡಿಗಳು,
ಬೀಗ ಕಳಕೊಂಡ ಕೀಲಿಗಳು, ಒಂಟಿ ಓಲೆ,
ಎಲ್ಲದರಡಿಗೆ ಮಕಾಡೆ ಮಲಗಿದ್ದ ಹಾಲಿನ ವ್ಯಾನು.
ಹೆಬ್ಬೆರಳಿಗಿಂತ ತುಸು ಉದ್ದ.
ಎತ್ತಿದರೆ ತೂಕ.
ತೂಕವೇ ಮೊದಲ ಸಾಕ್ಷಿ.

ಮೂರು ಪೌಂಡು ಅಂದ. ಎರಡಕ್ಕೆ ಕೊಡು ಅನ್ನಲಿಲ್ಲ ನಾನು;
ಚೌಕಾಸಿ ಮಾಡಿದರೆ
ಅವನೂ ಅದನ್ನೊಮ್ಮೆ ನೋಡಿಬಿಟ್ಟಾನು.

ಅಡಿಗೆಮನೆಯ ಮೇಜು, ಬಿಳಿ ಟವೆಲ್ಲು, ಭೂತಗನ್ನಡಿ.
ನಾನು ಡ್ರೈವಿಂಗ್ ಕಲಿಸುವವನು. ವಾರವಿಡೀ
ಕನ್ನಡಿ ನೋಡು, ಕ್ಲಚ್ ಬಿಡು, ಮೆಲ್ಲಗೆ, ಮೆಲ್ಲಗೆ
ಎಂದು ಸವೆದ ನಾಲಿಗೆ
ಇಲ್ಲಿ ಮಾತ್ರ ಸುಮ್ಮನಿರುತ್ತದೆ.
ತಳದ ತಗಡು ಕಪ್ಪು. ರಿವೆಟ್ಟು ಎರಡೂ ಗಟ್ಟಿ,
ಯಾರೂ ಕೊರೆದು ಬಿಚ್ಚಿಲ್ಲ.
ಗಾಲಿ ಬೂದು, ನುಣುಪು: ಹಾಗಾದರೆ ಮೊದಲ ಎರಡು ವರ್ಷದ್ದು.
ಬಾಗಿಲ ಮೇಲಿನ ಹಸುವಿಗೆ ಒಂದು ಕೊಂಬು ಉದುರಿದೆ.
ಎಲ್ಲ ಸರಿ,
ಹಿಂದಿನ ದೀಪಗಳೆರಡನ್ನು ಬಿಟ್ಟು.

ಪಟ್ಟಿ ಹೇಳುವುದು ಇಟ್ಟಿಗೆಗೆಂಪು.
ಇದು ಬೇರೆ. ಇದಕ್ಕೆ ಒಂದು ನಗು ಇದೆ.

ಬ್ರಿಸ್ಟಲ್ಲಿನ ಪಾಸ್ಕೋ, ಈ ವಿದ್ಯೆಯಲ್ಲಿ ಪಂಡಿತ,
ನೇರಳೆ ದೀಪ ಹಿಡಿದ. ಝಗ್ಗನೆ ಹೊಳೆಯಿತು.
ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಯ್ಯ,
ಯಾವುದೋ ಮಗು ಮನೆಯಲ್ಲಿ ಬಳಿದದ್ದು,
ಮೂರು ಪೌಂಡೇ ಜಾಸ್ತಿ.

ಒಪ್ಪಿಕೊಂಡು ಬಂದೆ. ಕಪಾಟಿನ ಹಿಂದಿನ ಸಾಲಿಗಿಟ್ಟೆ.
ಆದರೆ ಚಳಿಗಾಲದಲ್ಲಿ ಉಟ್ರೆಕ್ಟಿನಿಂದ ಒಂದು ಪಟ ಬಂತು,
ಈಸ್ಟರಿನ ಹೊತ್ತಿಗೆ ಹೋಬಾರ್ಟಿನಿಂದ ಇನ್ನೊಂದು:
ಅದೇ ವ್ಯಾನು, ಅದೇ ಕೆಂಪು, ಅದೇ
ಬಲದ ದೀಪದಲ್ಲಿ ಅಂಚು ದಾಟಿದ ಕುಂಚ.
ಮೂರು ಊರಿನ ಮೂರು ಮಕ್ಕಳು
ಒಂದೇ ಸೀಸೆಗೆ ಬೆರಳದ್ದಿದರೇ?

ಕಾರ್ಖಾನೆ ಇದ್ದಲ್ಲಿ ಈಗ ಕಾರ್ಪೆಟ್ ಮಾರುತ್ತಾರೆ.
ಚಾಪೆಲಿನ ಹಲಗೆಗೆ ಒಂದು ಚೀಟಿ ಅಂಟಿಸಿದೆ,
ಬಿಂಗೋ ಹಾಲಿನ ಬಾಗಿಲಿಗೊಂದು.
ಬಿಂಗೋದ್ದು ಫಲಿಸಿತು.

ಎಲುನೆಡ್ ಪ್ರಾಬರ್ಟ್, ಎಂಬತ್ತೆರಡು, ಮೊರಿಸ್ಟನ್.
ಕನ್ನಡಕ ಹಾಕಲೇ ಇಲ್ಲ.
ಉಗುರಿನಿಂದ ದೀಪವನ್ನು ಮೆಲ್ಲಗೆ ಗೀಚಿ,
ಅಯ್ಯೋ, ಇದು ನನ್ನದು, ಅಂದಳು.
ಶುಕ್ರವಾರ. ಕೆಂಪು ಮುಗಿದಿತ್ತು. ಮೇಸ್ತ್ರಿ ಪಬ್ಬಿನಲ್ಲಿ.
ಇನ್ನೂ ಎಪ್ಪತ್ತು ವ್ಯಾನು ಕಾದಿದ್ದವು,
ಮುಗಿಸದೆ ಗೇಟು ಬಿಡುವಂತಿಲ್ಲ.
ಚೀಲದಲ್ಲಿ ನನ್ನ ಉಗುರುಬಣ್ಣ, ಹೊಸದು,
ಆ ರಾತ್ರಿಯ ಡ್ಯಾನ್ಸಿಗೆಂದು ಕೊಂಡದ್ದು.
ಕೊನೆಯ ಹನಿಯನ್ನೂ ಕೆರೆದು ಹಾಕಿದೆ.
ಬೋಳು ಉಗುರಿನಲ್ಲೇ ಕುಣಿದೆ.

ಪುಸ್ತಕ ತೆರೆದೆ. ಯಾವ ವರ್ಷ? ಯಾವ ತಿಂಗಳು?
ತಿಂಗಳು ನೆನಪಿಲ್ಲ, ಅಂದಳು,
ಜೊತೆಗೆ ಕುಣಿದವನ ಹೆಸರು ಬೇಕಾದರೆ ಬರೆದುಕೋ.
ಬರೆದುಕೊಂಡೆ. ಬಣ್ಣದ ಕಾಲಮ್ಮಿನಲ್ಲಿ ಜಾಗವಿತ್ತು.

ಆಮೇಲೆ ಅವಳು ವ್ಯಾನನ್ನು ಮೇಜಿನ ಮೇಲಿಟ್ಟು
ಒಂದೇ ಬೆರಳಿನಿಂದ ತಳ್ಳಿದಳು.
ಅದು ನೆಟ್ಟಗೆ ಹೊರಟು, ವಾಲಿ, ವಾಲಿ,
ಸಕ್ಕರೆ ಬಟ್ಟಲಿಗೆ ಹೋಗಿ ಡಿಕ್ಕಿ ಹೊಡೆಯಿತು.

ಅವತ್ತೂ ಎಡಕ್ಕೇ ಎಳೀತಿತ್ತು.
ಹೇಳಿದ್ದೆ ನಾನು.
ಯಾರು ಕೇಳಿದರು?