ಹಿಂಬಾಗಿಲು

ಮುಂಬಾಗಿಲಲ್ಲಿ ಎಮ್ಮೆಲ್ಲೆ ಸಾಹೇಬರು,
ಹಾರ, ಕಾರು, ಕೈಮುಗಿದು ನಿಂತ ಕಾಂಟ್ರಾಕ್ಟರು.
ನಮಗೆ ಹಿತ್ತಲು.
ಒಗೆಯೋ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಸಂಪಂಗಕ್ಕ;
ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ
ನಮ್ಮ ಹೆಸರು.

‘ಕೈ ತೋರಿಸು’ ಅಂದಳು.
ಗೂಡು ಬೇಯೋ ನೀರಲ್ಲಿ ಇಪ್ಪತ್ತು ವರ್ಷ ನೆನೆದು
ಗೆರೆ ಅಳಿಸಿಹೋದ ಕೈ.
ರೇಷನ್ ಅಂಗಡಿಯ ಮಿಷನ್ನು
ಮೂರು ತಿಂಗಳಿಂದ ಒಪ್ಪದ ಬೆರಳು.

ಅಯ್ಯೋ ಅನ್ನಲಿಲ್ಲ. ಸೆರಗು ಸಿಕ್ಕಿಸಿ
ಶಿಡ್ಲಘಟ್ಟದ ಪೇಟೆಬೀದಿಯಲ್ಲಿ, ಹಾಡುಹಗಲು,
ನನ್ನ ಜೊತೆ ನಡೆದೇ ಬಂದಳು.
‘ಇವಳು ಶಮೀಮಾ. ನನಗೆ ಗುರುತು.
ಅಕ್ಕಿ ತೂಗು.’
ತೂಗಿದ.
ಮೂರು ತಿಂಗಳದ್ದೂ.

ಆ ಅಂಗಡಿ ಸಾಹೇಬರ ತಮ್ಮನದು.

ರಾತ್ರಿ ದೊಡ್ಡಮನೆಯಲ್ಲಿ ತಟ್ಟೆ ಬಿದ್ದ ಸದ್ದು
ರೀಲಿಂಗ್ ಶೆಡ್ಡಿನವರೆಗೂ ಕೇಳಿತಂತೆ.

ಬೆಳಗ್ಗೆ ಹೋದೆ. ಮಣೆ ಅಲ್ಲೇ ಇತ್ತು,
ಅವಳೂ ಇದ್ದಳು. ತುಟಿಯ ಅಂಚಿಗೆ ಅರಿಶಿನ.
ನಾವು ಕೇಳಲಿಲ್ಲ,
ಅವಳು ಹೇಳಲಿಲ್ಲ.
ದಿನಾ ಹಲ್ಲಲ್ಲಿ ಕಚ್ಚಿ ತೆಗೆಯೋ ಪೆನ್ನಿನ ಮುಚ್ಚಳವನ್ನು
ಅವತ್ತು ಕೈಯಿಂದ ತೆಗೆದು,
‘ಮುಂದಿನವರು ಯಾರು?’ ಅಂದಳು.